ದಾರಿ ತಪ್ಪಿದಾಗ ಇದ್ದಲ್ಲೇ ಇರಬೇಕೋ, ಹೊರಡಬೇಕೋ? ತೀರ್ಮಾನ ಮಾಡುವುದು ಹೇಗೆ?

ಹೊಸ ಚಾರಣಿಗ:
ಎಲ್ಲರಿಗೂ ನಮಸ್ಕಾರ. ಕಾಡು, ಬೆಟ್ಟಗಳಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡರೆ ಬೇಕಾಗುವ ವಿದ್ಯೆಗಳನ್ನು ಕಲಿಯಲು ಶುರು ಮಾಡಿದ್ದೇನೆ. ಬೆಂಕಿ ಹೊತ್ತಿಸುವುದು, ಗಂಟು ಹಾಕುವುದು, ದಿಕ್ಸೂಚಿ ಓದುವುದು, ಇವನ್ನೆಲ್ಲ ಕೈಯಾರೆ ಮಾಡಿ ಕಲಿಯಬಹುದು. ಬಗೆಹರಿಯದೆ ಉಳಿದಿರುವುದು ಒಂದೇ. "ದಾರಿ ತಪ್ಪಿದರೆ ಇದ್ದಲ್ಲೇ ಇರಿ" ಅನ್ನುತ್ತಾರೆ. "ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ" ಅಂತಲೂ ಅನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲವಲ್ಲ? ಯಾವಾಗ ಕೂರಬೇಕು, ಯಾವಾಗ ಹೊರಡಬೇಕು, ಕೂತರೆ ಏನು ಮಾಡುತ್ತ ಕೂರಬೇಕು? ತಿಳಿದವರು ಬಿಡಿಸಿ ಹೇಳಿ.

ಏರುದಾರಿ:
ನಿಮ್ಮ ಪ್ರಶ್ನೆಗೆ ಉತ್ತರ ಕಾಡಿನಲ್ಲಿಲ್ಲ, ಹೊರಡುವ ಮುಂಚೆ ಮನೆಯಲ್ಲಿದೆ. ನೀವು ಎಲ್ಲಿಗೆ ಹೋಗಿದ್ದೀರಿ, ಎಷ್ಟು ಹೊತ್ತಿಗೆ ಬರಬೇಕಿತ್ತು ಎಂದು ಗೊತ್ತಿರುವವರು ಯಾರಾದರೂ ಇದ್ದಾರೆಯೇ? ಇದ್ದರೆ ಕೂರುವುದೇ ಸರಿ. ಅವರು ಗಾಬರಿಯಾಗುವ ಹೊತ್ತಿನಿಂದಲೇ ಹುಡುಕಾಟ ಶುರುವಾಗುತ್ತದೆ. ಯಾರಿಗೂ ಹೇಳದೆ ಹೋಗಿದ್ದರೆ ಲೆಕ್ಕವೇ ಬೇರೆಯಾಗುತ್ತದೆ.

ಆದ್ದರಿಂದ ಚೀಟಿಯಲ್ಲಿ ಎರಡು ಸಮಯ ಬರೆದಿಡಿ. ಒಂದು ವಾಪಸ್ ಬರುವ ಸಮಯ, ಇನ್ನೊಂದು "ಇಷ್ಟು ಹೊತ್ತಾದರೂ ಸುದ್ದಿ ಇಲ್ಲದಿದ್ದರೆ ತುರ್ತು ಸೇವೆಗೆ ತಿಳಿಸಿ" ಎಂಬ ಸಮಯ. ಸಂಜೆ 5ಕ್ಕೆ ಬರುವುದಾದರೆ ಎರಡನೆಯದು 8 ಇರಲಿ. ಜೊತೆಗೆ ಹೋಗುವ ದಾರಿ, ಎಷ್ಟು ಜನ, ವಾಹನ ಎಲ್ಲಿ ನಿಂತಿರುತ್ತದೆ, ಬಟ್ಟೆಯ ಬಣ್ಣ, ಯಾರಿಗಾದರೂ ಕಾಯಿಲೆ ಇದ್ದರೆ ಅದು. ದಾರಿ ಬದಲಾಯಿಸಿದರೆ ಆ ಕ್ಷಣವೇ ತಿಳಿಸಬೇಕು. ಇಲ್ಲದಿದ್ದರೆ ತಂಡ ಪೂರ್ತಿ ಬೇರೆ ಕಣಿವೆಯಲ್ಲಿ ಹುಡುಕುತ್ತಿರುತ್ತದೆ.

ಇನ್ನು ಕೂರಬೇಕು ಅನ್ನುವುದಕ್ಕೆ ಕಾರಣ. ಹುಡುಕುವವರು ನಿಮ್ಮನ್ನು ಕೊನೆಯದಾಗಿ ಕಂಡ ಅಥವಾ ನೀವು ಇದ್ದಿರಿ ಎಂದು ಖಾತ್ರಿಯಾಗಿ ಗೊತ್ತಿರುವ ಜಾಗದಿಂದ ಶುರು ಮಾಡುತ್ತಾರೆ. ನೀವು ಗಂಟೆಗೆ 2 ಕಿ.ಮೀ. ನಡೆಯುತ್ತೀರಿ ಅಂದುಕೊಳ್ಳಿ. ಒಂದು ಗಂಟೆ ಕಳೆದರೆ ಅವರು ಹುಡುಕಬೇಕಾದ ವೃತ್ತ ಸುಮಾರು 12.5 ಚದರ ಕಿ.ಮೀ. ಎರಡು ಗಂಟೆಗೆ 50, ಮೂರು ಗಂಟೆಗೆ 113. ಕಾಲ ಮೂರು ಪಟ್ಟಾದರೆ ಜಾಗ ಒಂಬತ್ತು ಪಟ್ಟಾಗುತ್ತದೆ. ಮೇಲಾಗಿ ನೀವು ನೇರವಾಗಿ ನಡೆಯುವುದೂ ಇಲ್ಲ. ಯಾನ್ ಸೌಮನ್ ಮತ್ತು ಸಂಗಡಿಗರು ಜರ್ಮನಿಯ ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ಜನರನ್ನು ನಡೆಸಿ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿದೆ: ಸೂರ್ಯನೋ ಚಂದ್ರನೋ ಕಾಣದಿದ್ದಾಗ ಮನುಷ್ಯರು ನೇರ ಹೋಗುತ್ತಿದ್ದೇವೆ ಅಂದುಕೊಂಡೇ ಸುತ್ತು ಹೊಡೆಯುತ್ತಾರೆ.

ದಾರಿ ತಪ್ಪಿತು ಅನ್ನಿಸಿದ ತಕ್ಷಣ ನಿಂತು, ಚೀಲ ಇಳಿಸಿ, ಕೂತು, ನೀರು ಕುಡಿಯಿರಿ. ಕಾಲು ನಿಲ್ಲದೆ ತಲೆ ಓಡುವುದಿಲ್ಲ. ಖಾತ್ರಿ ಇದ್ದ ಕೊನೆಯ ಜಾಗ ಯಾವುದು, ಅಲ್ಲಿಂದ ಎಷ್ಟು ನಿಮಿಷ ನಡೆದಿರಿ ಎಂದು ನೆನಪಿಸಿಕೊಳ್ಳಿ. ಹದಿನೈದು ನಿಮಿಷದ ಒಳಗಿನ ಮಾತಾದರೆ, ಬಂದ ಹೆಜ್ಜೆಗಳೇ ಕಾಣುತ್ತಿದ್ದರೆ, ಬೆಳಕೂ ಇದ್ದರೆ, ಅದೇ ಹೆಜ್ಜೆಯಲ್ಲಿ ಹಿಂದಿರುಗಬಹುದು. ಹೆಜ್ಜೆ ಕಾಣದಾದ ಕಡೆ ಮತ್ತೆ ನಿಲ್ಲಿ. "ಇಲ್ಲೇ ಅಡ್ಡ ಹಾಯ್ದರೆ ದಾರಿ ಸಿಗುತ್ತದೆ" ಎಂಬ ಆಸೆಯೇ ಹೆಚ್ಚಿನವರನ್ನು ಇನ್ನೂ ಒಳಕ್ಕೆ ಒಯ್ಯುವುದು.

ಹಳ್ಳದ ದಂಡೆ:
ಒಪ್ಪುತ್ತೇನೆ. ಆದರೂ ಹಳ್ಳ ಹಿಡಿದು ಇಳಿಯುವುದನ್ನು ಪೂರ್ತಿ ತಳ್ಳಿಹಾಕಬೇಡಿ. ನೀರು ಹರಿಯುವ ಕಡೆ ಕೊನೆಗೆ ಜನ ಇದ್ದೇ ಇರುತ್ತಾರಲ್ಲವೇ?

ಏರುದಾರಿ:
ಕೊನೆಗೆ ಇರುತ್ತಾರೆ, ನಡುವೆ ಏನಿದೆ ಅನ್ನುವುದೇ ಪ್ರಶ್ನೆ. ಬೆಟ್ಟದಲ್ಲಿ ನೀರು ಅತಿ ಕಡಿದಾದ ದಾರಿ ಹುಡುಕಿಕೊಂಡು ಇಳಿಯುತ್ತದೆ. ಒಂದಾಳೆತ್ತರದ ಬಂಡೆ ಜಾರಿ ಇಳಿದಿರಿ, ಮುಂದೆ ದೊಡ್ಡ ಜಲಪಾತ ಬಂತು ಅಂದುಕೊಳ್ಳಿ. ಈಗ ಕೆಳಗೂ ಇಳಿಯಲಾರಿರಿ, ಮೇಲೂ ಹತ್ತಲಾರಿರಿ. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಉಳುಕುವುದು, ಮುರಿಯುವುದು ಅಲ್ಲೇ. ಕಮರಿಯಲ್ಲಿ ಗಿಡಗಂಟಿ ದಟ್ಟ, ಆಕಾಶ ಕಾಣುವುದಿಲ್ಲ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ನೀರಿನ ಸದ್ದಿನಲ್ಲಿ ಹುಡುಕುವವರ ಕೂಗು ನಿಮಗಾಗಲಿ ನಿಮ್ಮ ಕೂಗು ಅವರಿಗಾಗಲಿ ಕೇಳಿಸುವುದಿಲ್ಲ. ಮೇಲೆಲ್ಲೋ ಮಳೆಯಾದರೆ ಹಳ್ಳ ಏಕಾಏಕಿ ಏರುತ್ತದೆ. ಹಳ್ಳ ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ನೋಡಿ ಗೊತ್ತಿದ್ದರೆ ಮಾತ್ರ ಅದು ದಾರಿ.

ಹೊರಡಲೇಬೇಕಾದ ಸಂದರ್ಭಗಳೂ ಇವೆ. ಕೂತ ಜಾಗವೇ ಅಪಾಯದ್ದಾದರೆ, ಅಂದರೆ ಕಾಳ್ಗಿಚ್ಚು, ಏರುವ ನೀರು, ಕಲ್ಲುರುಳುವ ಇಳಿಜಾರು, ಸಿಡಿಲಿನ ಹೊತ್ತಿನಲ್ಲಿ ಬೆಟ್ಟದ ನೆತ್ತಿ, ಯೋಚಿಸುತ್ತ ಕೂರದೆ ಜಾಗ ಬಿಡಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಹತ್ತಿರದಲ್ಲಿದೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವ ತನಕ ಎತ್ತರಕ್ಕಾಗಲಿ ಒಂಟಿ ಮರದಡಿಗಾಗಲಿ ಹೋಗಬೇಡಿ. ಇನ್ನೊಂದು ಸಂದರ್ಭ, ನೀವು ಹೋಗಿರುವುದು ಯಾರಿಗೂ ಗೊತ್ತಿಲ್ಲ, ಫೋನೂ ಇಲ್ಲ. ಆಗಲೂ ರಾತ್ರಿ ಕಳೆದು, ಬೆಳಗ್ಗೆ, ಗುರುತಿಸಬಲ್ಲ ಗುರಿಯೊಂದು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಹೊರಡಿ.

ಹೊರಡುವಾಗ ಕೂತ ಜಾಗದಲ್ಲಿ ಚೀಟಿ ಬಿಡಿ: ಹೆಸರು, ದಿನ, ಗಂಟೆ, ಯಾವ ಕಡೆಗೆ, ಎಲ್ಲಿಗೆ, ಮೈಯಲ್ಲಿ ಹೇಗಿದೆ. ಮೇಲೊಂದು ಕಲ್ಲು ಹೇರಿ, ಪಕ್ಕದಲ್ಲಿ ಕಲ್ಲಿನಿಂದಲೇ ಬಾಣ ಮಾಡಿ. ತಿರುವಿಗೊಂದರಂತೆ ಕಣ್ಣಿನ ಮಟ್ಟದಲ್ಲಿ ಬಟ್ಟೆ ಚೂರು ಕಟ್ಟುತ್ತ ಹೋಗಿ. ಇಷ್ಟು ಗಂಟೆಗೆ ಏನೂ ಸಿಗದಿದ್ದರೆ ವಾಪಸ್ ಎಂದು ಮೊದಲೇ ನಿಶ್ಚಯಿಸಿಕೊಂಡಿರಿ.

ಗುಂಪಿನಲ್ಲಿದ್ದರೆ ಒಡೆಯಬೇಡಿ. ಒಬ್ಬರಿಗೆ ಪೆಟ್ಟಾಗಿ ನಡೆಯಲಾಗದೆ, ಉಳಿದವರಿಗೆ ದಾರಿ ಚೆನ್ನಾಗಿ ಗೊತ್ತಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ. ನಾಲ್ವರಿದ್ದರೆ ಒಬ್ಬರು ಪೆಟ್ಟಾದವರ ಬಳಿ ಇರಲಿ, ಇಬ್ಬರು ಹೋಗಲಿ. ಹೋಗುವವರ ಕೈಯಲ್ಲಿ ಜಾಗದ ವಿವರ ಬರವಣಿಗೆಯಲ್ಲೇ ಇರಬೇಕು.

ತರಗೆಲೆ:
"ಇದ್ದಲ್ಲೇ ಇರಿ" ಅಂದರೆ ಕೈಕಟ್ಟಿ ಕೂರುವುದಲ್ಲ ಎಂದು ಒತ್ತಿ ಹೇಳಬೇಕು. ಕೂರುವವರಿಗೆ ಮೈತುಂಬ ಕೆಲಸವಿದೆ. ಕತ್ತಲಾಗಲು ಎರಡು ಗಂಟೆ ಇರುವಾಗಲೇ ಅದು ಶುರುವಾಗಬೇಕು. ಸೂರ್ಯ ಮುಳುಗುವ ಸಮಯವನ್ನು ಹೊರಡುವ ದಿನವೇ ಬರೆದಿಟ್ಟುಕೊಂಡಿರಿ.

ಊಟವಿಲ್ಲದೆ ವಾರಗಟ್ಟಲೆ ಬದುಕಬಹುದು, ನೀರಿಲ್ಲದೆ ಸುಮಾರು ಮೂರು ದಿನ. ನೆನೆದ ಮೈಗೆ ಗಾಳಿ ಬಡಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಹಿಮವೇ ಬೇಕಿಲ್ಲ, 10 ಡಿಗ್ರಿಯ ಮಳೆ ಗಾಳಿ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ. ದೇಹದ ಒಳಗಿನ ಶಾಖ 35 ಡಿಗ್ರಿಗಿಂತ ಇಳಿದರೆ ಅದು ಹೈಪೋಥರ್ಮಿಯಾ. ಜೊತೆಯವರನ್ನು ಗಮನಿಸುತ್ತಿರಿ: ಎಡವುವುದು, ಮಾತು ತೊದಲುವುದು, ಜಿಪ್ ಹಾಕಲು ಬೆರಳು ಬಾರದಿರುವುದು, ಸುಮ್ಮಸುಮ್ಮನೆ ಸಿಡುಕುವುದು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಸಮಾಧಾನಪಡಬೇಡಿ, ಸ್ಥಿತಿ ಬಿಗಡಾಯಿಸಿದೆ ಎಂದರ್ಥ. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ಹೊದಿಸಿ, ನೆಲದಿಂದ ಬೇರ್ಪಡಿಸಿ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಬೆಚ್ಚನೆಯ ಸಿಹಿ ನೀರು ಕೊಡಿ. ಮದ್ಯ ಕೊಡಬಾರದು, ಕೈಕಾಲು ಜೋರಾಗಿ ಉಜ್ಜಲೂಬಾರದು.

ಜಾಗ ಆರಿಸುವಾಗ ಮೊದಲು ಮೇಲೆ ನೋಡಿ, ಒಣಗಿ ನೇತಾಡುವ ಕೊಂಬೆ ಇದ್ದರೆ ಬೇಡ. ಒಣಹಳ್ಳ ಬೇಡ. ಕಣಿವೆಯ ತಳದಲ್ಲಿ ತಣ್ಣನೆ ಗಾಳಿ ಇಳಿದು ನಿಲ್ಲುತ್ತದೆ, ನೆತ್ತಿಯಲ್ಲಿ ಗಾಳಿ ಹೊಡೆಯುತ್ತದೆ. ಇಳಿಜಾರಿನ ನಡುಮಟ್ಟದಲ್ಲಿ, ಗಾಳಿಗೆ ಮರೆಯಾದ ಸಮತಟ್ಟು ಸಿಕ್ಕರೆ ಒಳ್ಳೆಯದು.

ಹೆಚ್ಚಿನವರು ಚಾವಣಿ ಕಟ್ಟಿ ಹಾಸಿಗೆ ಮರೆಯುತ್ತಾರೆ. ತಣ್ಣನೆ ನೆಲ ರಾತ್ರಿಯಿಡೀ ಶಾಖ ಹೀರುತ್ತದೆ. ಒಣ ತರಗೆಲೆ, ಹುಲ್ಲು, ಸೊಪ್ಪು ಹಾಸಿ, ಮೇಲೆ ಮಲಗಿ ಒತ್ತಿದ ಮೇಲೂ ಒಂದು ಗೇಣು ದಪ್ಪ ಉಳಿಯಬೇಕು. ಅದಕ್ಕೆ ಹಾಸುವಾಗ ಮೊಣಕಾಲೆತ್ತರದ ರಾಶಿ ಬೇಕು. ತರಗೆಲೆಯನ್ನು ಬರಿಗೈಯಲ್ಲಿ ಬಾಚಬೇಡಿ, ಮೊದಲು ಕೋಲಿನಿಂದ ಕೆದಕಿ. ಹಾವು, ಚೇಳಿಗೂ ಅದೇ ಬೆಚ್ಚನೆ ಜಾಗ.

ಟಾರ್ಪಾಲು ಇಲ್ಲದಿದ್ದರೆ ನಿಮ್ಮ ಎತ್ತರದ ಒಂದೂವರೆ ಪಟ್ಟು ಉದ್ದದ ಗಟ್ಟಿ ಕೋಲೊಂದರ ಒಂದು ತುದಿಯನ್ನು ಸೊಂಟದೆತ್ತರದ ಕವೆಗೆ ಒರಗಿಸಿ. ಎರಡೂ ಮಗ್ಗುಲಿಗೆ ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿ. ಮೇಲೆ ತರಗೆಲೆಯನ್ನು ಕನಿಷ್ಠ 60 ಸೆಂ.ಮೀ. ದಪ್ಪ ಸುರಿಯಿರಿ. ಕೆಡುವುದು ಎರಡು ಕಾರಣಕ್ಕೆ: ಎಲೆ ಸಾಲದೆ ಸೋರುವುದು, ಒಳಗೆ ಜಾಗ ದೊಡ್ಡದಾಗಿ ಮೈಶಾಖ ನಿಲ್ಲದಿರುವುದು. ತೆವಳಿಕೊಂಡು ಹೋಗುವಷ್ಟೇ ಇರಲಿ.

ಇಷ್ಟೆಲ್ಲ ಕಟ್ಟಲು ಎರಡು ಮೂರು ಗಂಟೆ ಬೇಕು, ಪೆಟ್ಟಾದವರಿಗೆ ಆಗುವ ಕೆಲಸವೂ ಅಲ್ಲ. ಆದ್ದರಿಂದ ಚೀಲದಲ್ಲಿ 200 ಲೀಟರಿನ ದಪ್ಪ ಪ್ಲಾಸ್ಟಿಕ್ ಚೀಲ ಎರಡು ಯಾವಾಗಲೂ ಇರಲಿ. ಮುಚ್ಚಿದ ತುದಿಯಿಂದ ಒಂದು ಗೇಣು ಕೆಳಗೆ ಮುಖದಷ್ಟೇ ತೂತು ಮಾಡಿ, ತಲೆಯಿಂದ ಹಾಕಿಕೊಳ್ಳಿ. ಮುಖ ಹೊರಗೇ ಇರಬೇಕು. ಎರಡನೆಯದಕ್ಕೆ ತರಗೆಲೆ ತುಂಬಿ ಕೆಳಗೆ ಹಾಕಿಕೊಂಡು ಕೂರಿ.

ಹೊಸ ಚಾರಣಿಗ:
ಬಹಳ ಉಪಕಾರವಾಯಿತು. ಎರಡು ಅನುಮಾನ ಉಳಿದಿವೆ. ದಟ್ಟ ಮರಗಳ ಕೆಳಗೆ ಬೆಚ್ಚಗೆ ಕೂತರೆ ಹುಡುಕುವವರಿಗೆ ಕಾಣುವುದು ಹೇಗೆ? ಮತ್ತೆ ನೀರು ಸ್ವಲ್ಪವೇ ಇದ್ದರೆ ಹನಿಹನಿಯಾಗಿ ಉಳಿಸಬೇಕೇ?

ಕೈದೀಪ:
ಮೊದಲ ಅನುಮಾನ ಬಹಳ ಮುಖ್ಯವಾದದ್ದು. 2013ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಅಪಲಾಚಿಯನ್ ಟ್ರೈಲ್ ಎಂಬ ಬಹುದೂರದ ಚಾರಣದ ದಾರಿಯಲ್ಲಿ ನಡೆಯುತ್ತಿದ್ದ ಮಹಿಳೆಯೊಬ್ಬರು ಶೌಚಕ್ಕೆಂದು ದಾರಿಯಿಂದ ಪಕ್ಕಕ್ಕೆ ಸರಿದು ದಾರಿ ತಪ್ಪಿದರು. ಅವರು ಕಳಿಸಲು ಯತ್ನಿಸಿದ ಮೆಸೇಜುಗಳು ಸಿಗ್ನಲ್ ಇಲ್ಲದೆ ಹೋಗಲೇ ಇಲ್ಲ. ಮರಗಳ ಕೆಳಗೆ ಗುಡಾರ ಹಾಕಿ ಮೂರು ವಾರಕ್ಕೂ ಹೆಚ್ಚು ಬದುಕಿದ್ದರು. ದೊಡ್ಡ ಹುಡುಕಾಟ ನಡೆದರೂ ಆ ಜಾಗ ಸಿಕ್ಕಿದ್ದು 2015ರಲ್ಲಿ. ಕೂರುವ ಜಾಗ ಹುಡುಕುವವರ ಕಣ್ಣಿಗೋ ಕಿವಿಗೋ ತಲುಪಬೇಕು ಅನ್ನುವುದು ಇದಕ್ಕೇ. ಮಲಗುವುದು ಮರದ ಮರೆಯಲ್ಲಿರಲಿ, ಗುರುತು ಮಾತ್ರ ಹತ್ತಿರದ ಬಯಲಿನಲ್ಲಿರಲಿ. ದಾರಿ ಗುರುತು ಹಾಕಿಕೊಂಡು 200 ಮೀಟರ್ ಸರಿದು ಆಕಾಶ ಕಾಣುವ ಕಡೆ ಕೂತರೆ ಅದು ಜಾಗ ಬಿಟ್ಟಂತಲ್ಲ.

ವಿಮಾನಕ್ಕೆ ಕಾಣಲು ನೆಲದ ಮೇಲೆ ಇಂಗ್ಲಿಷಿನ ವಿ ಅಕ್ಷರ ಬರೆದರೆ ನೆರವು ಬೇಕು ಎಂದು, ಎಕ್ಸ್ ಬರೆದರೆ ವೈದ್ಯಕೀಯ ನೆರವು ಬೇಕು ಎಂದು ಅರ್ಥ. ಕನಿಷ್ಠ 2.5 ಮೀಟರ್ ಉದ್ದ ಅನ್ನುತ್ತಾರೆ, ನಾನಾದರೆ ಅದರ ಎರಡು ಮೂರು ಪಟ್ಟು ಮಾಡಿ ಅನ್ನುತ್ತೇನೆ. ಬಣ್ಣ ನೆಲಕ್ಕೆ ಎದ್ದು ಕಾಣಬೇಕು.

ಕೂಗಿದರೆ ಗಂಟಲು ಬೇಗ ಕಟ್ಟುತ್ತದೆ, ಸೀಟಿಗೆ ಆ ತೊಂದರೆ ಇಲ್ಲ. ಮೂರು ಸಲ ಊದಿ, ಒಂದು ನಿಮಿಷ ಕಿವಿಗೊಟ್ಟು, ಮತ್ತೆ ಮೂರು. ಆಲ್ಪ್ಸ್ ಪದ್ಧತಿಯಲ್ಲಿ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿರಬೇಕು. ಅಲ್ಲಿ ನಿಮಿಷಕ್ಕೆ ಮೂರು ಅಂದರೆ "ಕೇಳಿಸಿತು" ಎಂಬ ಉತ್ತರ. ಹೋಗುವ ಜಾಗದಲ್ಲಿ ಯಾವುದು ರೂಢಿ ಎಂದು ವಿಚಾರಿಸಿಕೊಳ್ಳಿ. ಕನ್ನಡಿಯಾದರೆ ಒಂದು ಕೈ ಚಾಚಿ, ಎರಡು ಬೆರಳ ನಡುವೆ ವಿಮಾನ ಕಾಣುವಂತೆ ಹಿಡಿದು, ಬಿಸಿಲ ಬಿಂಬ ಆ ಬೆರಳುಗಳ ಮೇಲೆ ಬೀಳುವಂತೆ ಕನ್ನಡಿ ಅಲುಗಿಸಿ.

ಬ್ಯಾಟರಿ ಉಳಿಯಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಚಳಿಯಾದರೆ ಅಂಗಿಯೊಳಗೆ ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಕರೆ ಹೋಗದ ಕಡೆ ಎಸ್ಸೆಮ್ಮೆಸ್ ಕೆಲವೊಮ್ಮೆ ಹೋಗುತ್ತದೆ. ಒಂದೇ ಮೆಸೇಜಿನಲ್ಲಿ ಎಲ್ಲ ಇರಲಿ: "ದಾರಿ ತಪ್ಪಿದ್ದೇವೆ, 3 ಜನ, ಗಾಯವಿಲ್ಲ, ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು, ಇಲ್ಲಿಂದ ಕದಲುವುದಿಲ್ಲ, ಫೋನ್ ಪ್ರತಿ ಗಂಟೆಯ ಮೊದಲ 5 ನಿಮಿಷ ಆನ್." ಹಾಗೆ ಕಳಿಸಿದ ಮೇಲೆ ನಿಜಕ್ಕೂ ಕದಲಬಾರದು.

ನೀರು ಹನಿಹನಿಯಾಗಿ ಉಳಿಸಬೇಡಿ, ಬಾಯಾರಿದಾಗ ಕುಡಿಯಿರಿ. ಉಳಿಸಬೇಕಾದದ್ದು ಬೆವರು. ಬಿಸಿಲಲ್ಲಿ ನೆರಳು ಹಿಡಿದು ಕೂತು, ಕೆಲಸವನ್ನೆಲ್ಲ ಬೆಳಗ್ಗೆ ಸಂಜೆಗೆ ಇಟ್ಟುಕೊಳ್ಳಿ. ಹಳ್ಳದ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ, 2,000 ಮೀಟರಿಗಿಂತ ಎತ್ತರದಲ್ಲಾದರೆ ಮೂರು ನಿಮಿಷ. ಮೂತ್ರ, ಸಮುದ್ರದ ನೀರು ಎಷ್ಟೇ ಬಾಯಾರಿದರೂ ಬೇಡ.

ತರಗೆಲೆ:
ಕಲಿಯುವ ಕ್ರಮದ ಬಗ್ಗೆ ಒಂದು ಮಾತು. ಬೆಂಕಿಯನ್ನು ಒಣ ದಿನ ಹೊತ್ತಿಸಿ ಕಲಿತರೆ ಸಾಲದು, ಮಳೆ ನಿಂತ ಮರುಗಳಿಗೆ ಹೊತ್ತಿಸಿ ನೋಡಿ. ನೆಲದಲ್ಲಿ ಬಿದ್ದ ಕಟ್ಟಿಗೆ ತೇವ ಹೀರಿರುತ್ತದೆ, ನಿಂತಲ್ಲೇ ಒಣಗಿದ ಮರದ ಕಡ್ಡಿ ಮುರಿದುಕೊಳ್ಳಿ. "ಚಟ್" ಎಂದು ಮುರಿಯದಿದ್ದರೆ ಬಿಟ್ಟುಬಿಡಿ. ಬೊಗಸೆ ತುಂಬ ಒಣ ನಾರು, ಆಮೇಲೆ ಬೆಂಕಿಕಡ್ಡಿ ದಪ್ಪದ್ದು, ಪೆನ್ಸಿಲ್ ದಪ್ಪದ್ದು, ಹೆಬ್ಬೆರಳ ದಪ್ಪದ್ದು ಒಂದೊಂದು ತೆಕ್ಕೆ, ಎಲ್ಲ ಕೈಗೆಟುಕುವಂತೆ ಇಟ್ಟುಕೊಂಡ ಮೇಲೆಯೇ ಕಡ್ಡಿ ಗೀರಬೇಕು. ಆತುರಕ್ಕೆ ದಪ್ಪ ಕಟ್ಟಿಗೆ ಮೊದಲೇ ಹೇರಿದರೆ ಗಾಳಿಯಾಡದೆ ಆರುತ್ತದೆ. ಹತ್ತಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಡಬ್ಬಿಯಲ್ಲಿಟ್ಟುಕೊಂಡರೆ ಒಂದೊಂದು ಉಂಡೆಯೂ ಹಲವು ನಿಮಿಷ ಉರಿಯುತ್ತದೆ. ಒಣಗಾಲದ ಗಾಳಿಯಲ್ಲಿ ಬೆಂಕಿಯೇ ಬೇಡ.

ಆಮೇಲೆ, ದಿನದ ಚಾರಣದ ಚೀಲ ಮಾತ್ರ ಇಟ್ಟುಕೊಂಡು ಮನೆಯ ಹಿತ್ತಲಲ್ಲೇ ಒಂದು ರಾತ್ರಿ ಕಳೆಯಿರಿ. ಚೀಲದಲ್ಲಿ ಏನು ಕಡಿಮೆ ಎಂದು ನಡುರಾತ್ರಿ ಎರಡು ಗಂಟೆಗೆ ಗೊತ್ತಾಗುತ್ತದೆ, ತೀರಾ ಚಳಿಯಾದರೆ ಬಾಗಿಲು ಹತ್ತಿರದಲ್ಲೇ ಇರುತ್ತದೆ.

ಏರುದಾರಿ:
ಮಕ್ಕಳನ್ನು ಕರೆದೊಯ್ಯುವವರು ಇದನ್ನು ಬೇರೆಯಾಗಿಯೇ ಕಲಿಸಬೇಕು. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಕಾಡಿನಲ್ಲಿ ತಪ್ಪಿಸಿಕೊಂಡು ತೀರಿಕೊಂಡ ಮೇಲೆ "ಹಗ್ ಎ ಟ್ರೀ" ಎಂಬ ಪಾಠ ಅಲ್ಲಿ ಹುಟ್ಟಿತು. ತಪ್ಪಿಸಿಕೊಂಡೆ ಅನ್ನಿಸಿದರೆ ಹತ್ತಿರದ ಮರವನ್ನು ಅಪ್ಪಿಕೊಂಡು ಅಲ್ಲೇ ಇರು, ಅಷ್ಟೇ. ಮಗುವಿನ ಕೊರಳಲ್ಲಿ ಸೀಟಿ, ಜೇಬಿನಲ್ಲಿ ಗಾಢ ಬಣ್ಣದ ಪ್ಲಾಸ್ಟಿಕ್ ಚೀಲ ಇರಲಿ. ಮುಖದ ತೂತು ಮನೆಯಲ್ಲೇ ಕತ್ತರಿಸಿಟ್ಟಿರಬೇಕು. ತಪ್ಪಿಸಿಕೊಂಡಿದ್ದಕ್ಕೆ ಬೈಯುವುದಿಲ್ಲ ಎಂದು ಮೊದಲೇ ಹೇಳಿ. ಬೈಗುಳಕ್ಕೆ ಹೆದರಿಯೋ, ಅಪರಿಚಿತರ ಜೊತೆ ಮಾತಾಡಬಾರದು ಎಂಬುದನ್ನು ನೆನೆದೋ, ಹುಡುಕುವವರು ಹೆಸರು ಹಿಡಿದು ಕೂಗಿದರೂ ಪೊದೆಯೊಳಗೆ ಅವಿತುಕೊಳ್ಳುವ ಮಕ್ಕಳಿದ್ದಾರೆ. "ಕಾಡಿನಲ್ಲಿ ನಿನ್ನ ಹೆಸರು ಕೂಗಿಕೊಂಡು ಬರುವವರು ನಾವು ಕಳಿಸಿದವರೇ, ಓಗೊಡು" ಎಂದು ಹೇಳಿ, ಆಟದಂತೆ ಒಂದೆರಡು ಸಲ ಆಡಿಸಿ ನೋಡಿ.