ಲವ್ ಬರ್ಡ್ಸ್ ಗೂಡಿನ ಪೆಟ್ಟಿಗೆಗೆ ತಳ ಹೇಗಿರಬೇಕು? (ಪ್ರಶ್ನೋತ್ತರ)

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ತುಮಕೂರಿನವಳು. ಮನೆಯಲ್ಲಿ ಒಂದು ಜೋಡಿ ಲವ್ ಬರ್ಡ್ಸ್ ಇವೆ. ಮೊದಲು ಮಣ್ಣಿನ ಕುಡಿಕೆ ಕಟ್ಟಿದ್ದೆವು. ಅದರೊಳಗೆ ಕೈ ಹೋಗಲ್ಲ, ಕ್ಲೀನ್ ಮಾಡೋಕೆ ಆಗಲ್ಲ ಅಂತ ಈ ಸಲ ನಮ್ಮ ಯಜಮಾನರು ಅಡುಗೆಮನೆ ಕೆಲಸದಲ್ಲಿ ಉಳಿದ ಪ್ಲೈವುಡ್‌ನಲ್ಲಿ ಪೆಟ್ಟಿಗೆ ಮಾಡಿದರು. ಒಳಗೆ ಮೈಕಾ ಅಂಟಿಸಿದೆ, ಒರೆಸೋಕೆ ಸುಲಭ ಅಂತ. 5 ಮೊಟ್ಟೆಯಲ್ಲಿ 4 ಮರಿ ಆಗಿವೆ. ದೊಡ್ಡದಕ್ಕೆ ಇವತ್ತಿಗೆ 12 ದಿನ. ಅದರ ಎರಡೂ ಕಾಲು ಕಪ್ಪೆಯ ಹಾಗೆ ಆಚೀಚೆ ಚಾಚಿವೆ. ಹೊಟ್ಟೆಯ ಮೇಲೆ ತೆವಳುತ್ತಿದೆ. ಕ್ಯಾಲ್ಸಿಯಂ ಡ್ರಾಪ್ಸ್ ಕೊಟ್ಟರೆ ಸರಿ ಹೋಗುತ್ತಾ? ಪೆಟ್ಟಿಗೆ ಅಳತೆ ಏನಾದರೂ ತಪ್ಪಾಗಿದೆಯಾ?

ಡಾಕ್ಟರ್ ಉತ್ತರ: ನಮಸ್ಕಾರ ಅಮ್ಮ. ಅಳತೆಗಿಂತ ಹೆಚ್ಚಾಗಿ ನನಗೆ ಚಿಂತೆ ಆಗಿರೋದು ಆ ಮೈಕಾ. ನುಣ್ಣನೆಯ ಸಪಾಟು ತಳದ ಮೇಲೆ ಮರಿಯ ಕಾಲಿಗೆ ಹಿಡಿತ ಸಿಗಲ್ಲ. ಮೇಲೆ ತಾಯಿ ಕೂತು ಒತ್ತುತ್ತಾಳೆ, ಕಾಲು ಪಕ್ಕಕ್ಕೆ ಜಾರುತ್ತೆ. ಎಲುಬು ಇನ್ನೂ ಮೆತ್ತಗಿರುವ ವಯಸ್ಸು, ಹಾಗೇ ಬಾಗಿ ಬೆಳೆದುಬಿಡುತ್ತೆ. ಕ್ಯಾಲ್ಸಿಯಂ ಬೇಕು ನಿಜ, ಆದರೆ ಜಾರಿದ ಕಾಲನ್ನು ಡ್ರಾಪ್ಸ್ ಒಂದೇ ಒಳಗೆ ತರೋದಿಲ್ಲ.

ಆ ಮರಿಯನ್ನು ನಾಳೆಯೇ ಹಕ್ಕಿ ನೋಡುವ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಎರಡೂ ಕಾಲನ್ನು ಸರಿಯಾದ ಅಂತರದಲ್ಲಿ ಮೆತ್ತನೆಯ ಟೇಪ್‌ನಿಂದ ಸೇರಿಸಿ ಕಟ್ಟುತ್ತೇವೆ. ಈ ವಯಸ್ಸಿನಲ್ಲಿ ಮಾಡಿದರೆ ಎಷ್ಟೋ ಮರಿಗಳು ನೆಟ್ಟಗೆ ನಿಲ್ಲುತ್ತವೆ. ರೆಕ್ಕೆ ಬಲಿತು ಹೊರಗೆ ಬಂದ ಮೇಲೆ ತಂದರೆ ಕಷ್ಟ. ಮನೆಯಲ್ಲಿ ನೀವೇ ಕಟ್ಟಬೇಡಿ. ಮರಿ ದಿನದಿಂದ ದಿನಕ್ಕೆ ದಪ್ಪ ಆಗುತ್ತೆ, ಟೇಪ್ ಬಿಗಿಯಾಗಿ ಪಾದಕ್ಕೆ ರಕ್ತ ಹೋಗೋದು ನಿಂತುಬಿಡುತ್ತೆ.

ಉಳಿದ ಮೂರಕ್ಕೆ ಇವತ್ತು ರಾತ್ರಿಯೇ ಹಲಗೆ ಹೆರೆಯುವಾಗ ಬೀಳುವ ಸುರುಳಿ ಚಕ್ಕೆಯನ್ನು ಎರಡು ಇಂಚು ದಪ್ಪ ಹಾಸಿ. ಪುಡಿ ಹೊಟ್ಟು ಬೇಡ, ಮರಿಗಳ ಮೂಗಿಗೆ ಹೋಗುತ್ತೆ. ತಾಯಿ ಒಂದಿಷ್ಟು ಚಕ್ಕೆಯನ್ನು ಹೊರಗೆ ಎಳೆದು ಹಾಕುತ್ತಾಳೆ, ಮತ್ತೆ ಹಾಕಿ.

ಪ್ರಶ್ನೆ: ಹಾಗಾದರೆ ಈಗಲೇ ಪೆಟ್ಟಿಗೆ ಬದಲಾಯಿಸಬೇಕಾ? ತಾಯಿ ಮರಿ ಬಿಟ್ಟುಬಿಟ್ಟರೆ ಅಂತ ಭಯ.

ಡಾಕ್ಟರ್ ಉತ್ತರ: ಪೆಟ್ಟಿಗೆ ಹಾಗೇ ಇರಲಿ. ಒಳಗೆ ಕೂರುವಂಥ ಒಂದು ಹಲಗೆ ಮಾಡಿಸಿ. ಒಂದೂವರೆ ಇಂಚು ದಪ್ಪದ ಪೈನ್ ತುಂಡು ಸಾಕು. ಅದರಲ್ಲಿ ನಾಲ್ಕೈದು ಇಂಚು ಅಗಲ, ನಡುವೆ ಮುಕ್ಕಾಲು ಇಂಚು ಆಳದ ಕುಳಿ ತೋಡಲು ಆಚಾರಿಗೆ ಹೇಳಿ. ಅಂಗೈಯನ್ನು ಬೊಗಸೆ ಮಾಡಿದಾಗ ಇರುತ್ತಲ್ಲ, ಅಷ್ಟೇ ಇಳಿಜಾರು. ಅಂಚಿನಲ್ಲಿ ಗೋಲಿ ಬಿಟ್ಟರೆ ನಿಧಾನವಾಗಿ ನಡುವಿಗೆ ಬಂದು ನಿಲ್ಲಬೇಕು. ಪಾಲಿಶ್ ಪೇಪರ್ ಹೊಡೆದು ನುಣ್ಣಗೆ ಮಾಡಬೇಡಿ, ಸಿಬಿರು ತೆಗೆದರೆ ಸಾಕು. ಉಳಿಯ ಗೆರೆಗಳೇ ಮರಿಗೆ ಹಿಡಿತ.

ಇಂಥ ಹಲಗೆ ಎರಡು ಮಾಡಿಸಿಕೊಳ್ಳಿ. ಒಂದು ಒಳಗಿದ್ದಾಗ ಇನ್ನೊಂದನ್ನು ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಹಾಕಬಹುದು. ಬಡ್ಜಿ (ನಮ್ಮಲ್ಲಿ ಲವ್ ಬರ್ಡ್ಸ್ ಅಂತ ಮಾರುವ ಹಕ್ಕಿ ಬಹುಪಾಲು ಇದೇ) ದಿನ ಬಿಟ್ಟು ದಿನ ಮೊಟ್ಟೆ ಇಡುತ್ತೆ, ಸುಮಾರು 18 ದಿನ ಕಾವು. ಹಾಗಾಗಿ 5 ಮೊಟ್ಟೆ ಅಂದರೆ ಮೊದಲ ಮರಿಗೂ ಕೊನೆಯದಕ್ಕೂ ಎಂಟು ದಿನದ ವ್ಯತ್ಯಾಸ. ದೊಡ್ಡವು ಹಾಕಿದ ಹಿಕ್ಕೆಯಲ್ಲೇ ಚಿಕ್ಕದು ಕೂರಬೇಕು. ಹಿಕ್ಕೆ ಪಾದಕ್ಕೆ ಅಂಟಿ ಒಣಗಿ ಗಟ್ಟಿಯಾದರೆ ಎಳೆಯ ಉಗುರೇ ಕಿತ್ತು ಬರುತ್ತೆ.

ಇನ್ನೊಬ್ಬರ ಪ್ರಶ್ನೆ: ಸರ್, ಹೊಸದಾಗಿ ಪೆಟ್ಟಿಗೆ ಮಾಡುವವರಿಗೆ ಪೂರ್ತಿ ಅಳತೆ ಹೇಳಿ. ಹುಲ್ಲು, ಹತ್ತಿ ಏನಾದರೂ ಹಾಕಬೇಕಾ?

ಡಾಕ್ಟರ್ ಉತ್ತರ: ಹತ್ತಿ ಬೇಡವೇ ಬೇಡ. ಎಳೆ ಕಾಲಿಗೆ ಸುತ್ತಿಕೊಳ್ಳುತ್ತೆ. ನಮ್ಮಲ್ಲಿ ಲವ್ ಬರ್ಡ್ಸ್ ಅಂತ ಮಾರುವುದು ಬಹುಪಾಲು ಆಸ್ಟ್ರೇಲಿಯಾದ ಬಡ್ಜಿ. ಅದು ಅಲ್ಲಿ ಮರದ ಪೊಟರೆಯಲ್ಲಿ ಮೊಟ್ಟೆ ಇಡುವ ಹಕ್ಕಿ, ಗೂಡು ಹೆಣೆಯಲ್ಲ. ಗೂಡು ಹೆಣೆಯೋಕೆ ತೆಂಗಿನ ನಾರು ಕೇಳುವುದು ಫಿಂಚ್ ಅನ್ನುವ ಬೇರೆ ಸಣ್ಣ ಹಕ್ಕಿ.

ಬಡ್ಜಿಗೆ ಒಳಗಡೆ 9 ಇಂಚು ಉದ್ದ, 6 ಅಗಲ, 7 ಎತ್ತರ ಸಾಕು. ಬಾಗಿಲ ತೂತು ಒಂದೂವರೆಯಿಂದ ಎರಡು ಇಂಚು. ತೂತು ಒಂದು ತುದಿಯಲ್ಲಿ, ಕುಳಿ ಇನ್ನೊಂದು ತುದಿಯಲ್ಲಿ ಇರಲಿ. ಎರಡೂ ಒಂದೇ ಕಡೆ ಇದ್ದರೆ ತಾಯಿ ಹೊರಗಿಂದ ನೇರ ಮೊಟ್ಟೆಯ ಮೇಲೆ ಧುಮುಕುತ್ತಾಳೆ. ಮೇಲ್ಭಾಗದಲ್ಲಿ ಗಾಳಿಗೆ ನಾಲ್ಕೈದು ಸಣ್ಣ ತೂತು. ಮುಚ್ಚಳಕ್ಕೆ ಕೀಲು ಹಾಕಿಸಿ, ದಿನಕ್ಕೊಮ್ಮೆ ಇಣುಕಿ ನೋಡೋಕೆ. ಒಳಗೆ ಬಣ್ಣ, ವಾರ್ನಿಷ್ ಬೇಡ. ಹಕ್ಕಿ ಕಡಿದೇ ಕಡಿಯುತ್ತೆ.

ಹಳೆ ಪ್ಯಾಕಿಂಗ್ ಹಲಗೆ ಬಳಸುವವರು ಅದರ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಸಾಯಿಸಿದ ಮರ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಬಿಡಿ. ಎಣ್ಣೆ ಕಲೆ ಇದ್ದರೂ ಬೇಡ.

ಪ್ರಶ್ನೆ: ಇರುವೆ ಕಾಟ ಡಾಕ್ಟ್ರೇ. ಹೋದ ಸಲ ಕುಡಿಕೆಯಲ್ಲಿ ಮರಿಗಳೆಲ್ಲ ಹೋದವು.

ಡಾಕ್ಟರ್ ಉತ್ತರ: ಅಯ್ಯೋ. ಇರುವೆಗೆ ಅಂತ ವಿಷದ ಚಾಕ್ ಮಾತ್ರ ಎಳೆಯಬೇಡಿ, ಸ್ಪ್ರೇನೂ ಬೇಡ. ಪಂಜರವನ್ನು ಸ್ಟ್ಯಾಂಡ್ ಮೇಲಿಟ್ಟು ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಡಿ, ಗೋಡೆಗೆ ತಾಗದ ಹಾಗೆ. ಹಿಂದೆ ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದರಲ್ಲ, ಅದೇ ಉಪಾಯ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ. ಸತ್ತ ಮರಿ, ಒಡೆದ ಮೊಟ್ಟೆ ಇದ್ದರೆ ತಕ್ಷಣ ತೆಗೆಯಿರಿ, ಇರುವೆ ಮೊದಲು ಬರುವುದು ಅದಕ್ಕೇ.

ಪ್ರಶ್ನೆ (ಆರು ದಿನದ ಮೇಲೆ): ಡಾಕ್ಟ್ರೇ, ಟೇಪ್ ಹಾಕಿಸಿಕೊಂಡು ಬಂದೆವು. ಕುಳಿ ಹಲಗೆಯೂ ಹಾಕಿದ್ದೇವೆ. ತಾಯಿ ಹತ್ತು ನಿಮಿಷ ಇಣುಕಿ ನೋಡಿ ಆಮೇಲೆ ಒಳಗೆ ಹೋದಳು. ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದರೆ ಮರಿ ಹೊಟ್ಟೆ ಎತ್ತಿ ಕೂತಿತ್ತು! ಟೇಪ್ ಯಾವಾಗ ತೆಗೆಯೋದು?

ಡಾಕ್ಟರ್ ಉತ್ತರ: ತುಂಬಾ ಖುಷಿಯಾಯಿತು ಅಮ್ಮ. ಅದನ್ನು ಕಟ್ಟಿದ ವೈದ್ಯರಿಗೇ ಇವತ್ತೇ ತೋರಿಸಿ. ತೆಗೆಯೋದಾ, ಇನ್ನೆರಡು ದಿನ ಸಡಿಲ ಮಾಡಿ ಕಟ್ಟೋದಾ ಅಂತ ಪಾದದ ಬಣ್ಣ, ಬೆರಳಿನ ಹಿಡಿತ ನೋಡಿ ಹೇಳುತ್ತಾರೆ. ಪಾದ ಊದಿದ್ದರೆ ಅಥವಾ ನೀಲಿಗಟ್ಟಿದ್ದರೆ ಸಂಜೆವರೆಗೂ ಕಾಯಬೇಡಿ, ಈಗಲೇ ಹೊರಡಿ.