ಬೆಂಗಳೂರಿನಿಂದ ವಿಮಾನದಲ್ಲಿ ನೇರ ಲೇಹ್‌ಗೆ: ಆಮ್ಲಜನಕ ಕಡಿಮೆ ಇರುವ ಕಡೆ ಮೈ ಕಾಪಾಡಿಕೊಳ್ಳೋದು ಹೇಗೆ?

ಬನಶಂಕರಿ_ಎರಡನೇ_ಹಂತ

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಗೆ ನಾಲ್ಕು ಜನ ಲಡಾಖ್‌ಗೆ ಹೊರಟಿದ್ದೇವೆ: ನಾನು, ಮನೆಯವರು, ಅಮ್ಮ (61 ವರ್ಷ, ಬಿ.ಪಿ.ಗೆ ದಿನಾ ಆಮ್ಲೋಡಿಪಿನ್ 5 ಮಿ.ಗ್ರಾಂ), ಮಗ (11 ವರ್ಷ). ಟ್ರಾವೆಲ್ಸ್‌ನವರು ಕೊಟ್ಟ ಪ್ಲಾನ್ ಇದು. ಮೊದಲ ದಿನ ಬೆಳಗ್ಗೆ ದೆಹಲಿ ಮೇಲೆ ಲೇಹ್. ಎರಡನೇ ದಿನ ಖರ್ದುಂಗ್ ಲಾ ಅನ್ನೋ ಎತ್ತರದ ಘಾಟಿ ದಾಟಿ ನುಬ್ರಾದ ಹುಂಡರ್. ಮೂರನೇ ದಿನ ಶ್ಯೋಕ್ ರಸ್ತೆಯಲ್ಲಿ ಪ್ಯಾಂಗಾಂಗ್, ರಾತ್ರಿ ಕೆರೆ ದಂಡೆಯ ಟೆಂಟ್. ನಾಲ್ಕನೇ ದಿನ ಚಾಂಗ್ ಲಾ ಮೇಲೆ ವಾಪಸ್ ಲೇಹ್, ಐದನೇ ದಿನ ವಿಮಾನ.

ಈ ಪ್ಲಾನ್ ಸರಿ ಇದೆಯಾ? ಎತ್ತರದ ಕಾಯಿಲೆ ಬರದಿರಲು ಡೈಮಾಕ್ಸ್ ಮಾತ್ರೆ ತಗೊಳ್ಳಿ ಅಂತ ಕೆಲವರು, ಅದು ಲಕ್ಷಣ ಮುಚ್ಚಿಡುತ್ತೆ ಬೇಡ ಅಂತ ಕೆಲವರು. ಆನ್‌ಲೈನ್‌ನಲ್ಲಿ ಸಿಗುವ ಆಕ್ಸಿಜನ್ ಕ್ಯಾನ್ ನಾಲ್ಕು ಜನಕ್ಕೆ ಎಷ್ಟು ಬೇಕು? ಪ್ರತಿ ಭಾನುವಾರ ನಂದಿ ಬೆಟ್ಟ ಹತ್ತಿದರೆ ಮೈ ಒಗ್ಗುತ್ತಾ? ಅಮ್ಮ ಮೂಸೋಕೆ ಅಂತ ಪಚ್ಚಕರ್ಪೂರ ಕಟ್ಟಿಟ್ಟಿದ್ದಾರೆ, ಅದರ ಬಗ್ಗೆಯೂ ಹೇಳಿ.

ಜಯನಗರ_ಫಿಸಿಶಿಯನ್

ಮೊದಲು ಪ್ಲಾನ್ ಬದಲಾಯಿಸಿ ಸರ್. ಮಾತ್ರೆ, ಸಿಲಿಂಡರ್ ಮಾತು ಆಮೇಲೆ.

ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಲೇಹ್ 3,500. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ 21ರ ಹತ್ತಿರವೇ. ಇಳಿಯುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿ.ಮೀ. ಪಾದರಸ ಇರುವುದು ಲೇಹ್‌ನಲ್ಲಿ 500ಕ್ಕಿಂತ ಕಡಿಮೆ, 5,359 ಮೀಟರಿನ ಖರ್ದುಂಗ್ ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ಒತ್ತಡ ಇಳಿದಷ್ಟೂ ಶ್ವಾಸಕೋಶದಿಂದ ರಕ್ತಕ್ಕೆ ದಾಟುವ ಆಮ್ಲಜನಕ ಕಡಿಮೆಯಾಗುತ್ತದೆ.

ಇದಕ್ಕೆ ಮೈ ಮೊದಲು ಮಾಡುವುದು ಉಸಿರಾಟ ಹೆಚ್ಚಿಸುವ ಕೆಲಸ. ಹಾಗೆ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಆಗ ಮೆದುಳೇ ಉಸಿರಿಗೆ ಬ್ರೇಕ್ ಹಾಕುತ್ತದೆ. ಮೂತ್ರಪಿಂಡ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿದ ಮೇಲೇ ಆ ಬ್ರೇಕ್ ಸಡಿಲವಾಗುವುದು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಅಷ್ಟರೊಳಗೆ ಇನ್ನೂ ಮೇಲೆ ಹೋಗಿ ಮಲಗಿದರೆ ಕಾಯಿಲೆ. ನಮ್ಮ ಸೇನೆ ಗಟ್ಟಿಮುಟ್ಟಾದ ಯೋಧರಿಗೇ 9,000ದಿಂದ 12,000 ಅಡಿಯಲ್ಲಿ 6 ದಿನ, 15,000 ಅಡಿವರೆಗೆ ಮತ್ತೆ 4 ದಿನ, ಅದಕ್ಕೂ ಮೇಲೆ ಇನ್ನೂ 4 ದಿನ ಒಗ್ಗಿಸಿ ಕಳಿಸುತ್ತದೆ. ಮೊದಲ ಎರಡು ದಿನ ಅವರಿಗೂ ಪೂರ್ತಿ ವಿಶ್ರಾಂತಿ. ಈ ವಿಷಯದ ಆರಂಭದ ದೊಡ್ಡ ಅಧ್ಯಯನಗಳಲ್ಲೊಂದು ನಮ್ಮದೇ: ಹಿಮಾಲಯಕ್ಕೆ ಹೋದ ಯೋಧರ 1,925 ಪ್ರಕರಣಗಳನ್ನು ಭಾರತೀಯ ಸೇನಾ ವೈದ್ಯರು 1969ರಲ್ಲಿ ಪ್ರಕಟಿಸಿದರು.

ಡೈಮಾಕ್ಸ್, ಅಂದರೆ ಅಸಿಟಜೋಲಮೈಡ್, ಮೂತ್ರಪಿಂಡದ ಆ ಕೆಲಸವನ್ನೇ ಚುರುಕುಗೊಳಿಸುತ್ತದೆ. ಒಗ್ಗುವುದಕ್ಕೆ ಸಹಾಯ ಮಾಡುವ ಔಷಧಿ ಅದು, ಏನನ್ನೂ ಮುಚ್ಚಿಡುವುದಿಲ್ಲ. ಲಕ್ಷಣ ಮಾತ್ರ ಅಡಗಿಸಿ, ನಿಲ್ಲಿಸಿದ ಕೂಡಲೇ ತಿರುಗಿ ಬರುವಂತೆ ಮಾಡಬಹುದಾದದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಜನ ಎರಡನ್ನೂ ಒಂದೇ ಮಾಡಿಕೊಂಡಿದ್ದಾರೆ. ವಿಮಾನದಲ್ಲಿ ನೇರ ಇಳಿಯುವ ದೊಡ್ಡವರಿಗೆ ಡೋಸ್ 125 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 250ರ ಮಾತ್ರೆ, ಅರ್ಧ ಮಾಡಿ. ಹೊರಡುವ ಹಿಂದಿನ ದಿನ ಶುರು ಮಾಡಿ, ಅತಿ ಎತ್ತರದ ಕಡೆ ಮಲಗಿದ ಮೇಲೆ ಇನ್ನೆರಡು ದಿನದವರೆಗೆ. ರಾತ್ರಿಯ ಮಾತ್ರೆ ಸಂಜೆಯೇ ನುಂಗಿದರೆ ಮೂತ್ರಕ್ಕೆ ಪದೇಪದೇ ಏಳುವುದು ತಪ್ಪುತ್ತದೆ. ಬೆರಳ ತುದಿ, ತುಟಿ ಜುಮುಜುಮು ಅನ್ನುವುದು ಸಹಜ. ಮನೆಯಲ್ಲಿರುವಾಗಲೇ ಒಂದೆರಡು ದಿನ ತಗೊಂಡು ನೋಡಿ, ಯಾವುದು ಮಾತ್ರೆಯದು, ಯಾವುದು ಬೆಟ್ಟದ್ದು ಅಂತ ಆಮೇಲೆ ಗೊಂದಲ ಇರೋದಿಲ್ಲ. ಸಲ್ಫಾ ಔಷಧಿಗೆ ಯಾರಿಗಾದರೂ ಹಿಂದೆ ತೀವ್ರ ಅಲರ್ಜಿ ಆಗಿದ್ದರೆ ಡಾಕ್ಟರ್‌ಗೆ ಮೊದಲೇ ತಿಳಿಸಿ. ಮಗನ ಡೋಸ್ ತೂಕದ ಮೇಲೆ ಲೆಕ್ಕ ಹಾಕಬೇಕು, ಮಕ್ಕಳ ಡಾಕ್ಟರೇ ಬರೆದುಕೊಡಲಿ.

ಅಮ್ಮನವರು ಆಮ್ಲೋಡಿಪಿನ್ ಒಂದು ದಿನವೂ ಬಿಡಬಾರದು. ಮೊದಲ ದಿನಗಳಲ್ಲಿ ಬಿ.ಪಿ. ಸ್ವಲ್ಪ ಏರುವುದುಂಟು, ಮನೆಯ ಮಷೀನ್ ತಗೊಂಡು ಹೋಗಿ ಬೆಳಗ್ಗೆ ಸಂಜೆ ನೋಡಿ. ಹೊರಡುವುದಕ್ಕೆ ತಿಂಗಳು ಒಂದೂವರೆ ತಿಂಗಳು ಮುಂಚೆಯೇ ಇ.ಸಿ.ಜಿ., ಹಿಮೋಗ್ಲೋಬಿನ್ ಮಾಡಿಸಿ. ರಕ್ತಹೀನತೆ ಇದ್ದರೆ ಸರಿಮಾಡಿಕೊಳ್ಳಲು ಅಷ್ಟು ಸಮಯ ಬೇಕು. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದೆ. ಮನೆತನದಲ್ಲಿ ಅದು ಇದ್ದರೆ ಪರೀಕ್ಷೆ ಮಾಡಿಸದೆ ಇಷ್ಟು ಎತ್ತರಕ್ಕೆ ಹೋಗಬೇಡಿ, ಗುಲ್ಮಕ್ಕೆ (ಸ್ಪ್ಲೀನ್) ರಕ್ತ ಹರಿಯುವುದು ನಿಂತು ಪೆಟ್ಟಾಗಬಹುದು.

ನಂದಿ ಬೆಟ್ಟ 1,478 ಮೀಟರ್, ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಕಾಲಿಗೆ, ಹೃದಯಕ್ಕೆ ಒಳ್ಳೆಯದು, ಹತ್ತಿ. ಆದರೆ ಮೈ ಒಗ್ಗುವುದಕ್ಕೆ ಆ ಎತ್ತರ ಸಾಲದು. ದಿನಾ ಓಡುವವರಿಗೂ ಎತ್ತರದ ಕಾಯಿಲೆ ಅಷ್ಟೇ ಸಲೀಸಾಗಿ ಬರುತ್ತದೆ.

ಚಾರಣ_ಲೀಡರ್_ಮಲ್ಲೇಶ್ವರ

ಡಾಕ್ಟರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಂದು ದಿನ ಏರದೆ ಇರಬೇಕು. ನಿಮ್ಮ ಪ್ಲಾನ್‌ನಲ್ಲಿ ಮೂರನೇ ರಾತ್ರಿಯೇ 4,250ರಲ್ಲಿ ಮಲಗುತ್ತೀರಿ.

ಮೂರು ದಿನ ಹೆಚ್ಚು ರಜೆ ಹಾಕಿ ಹೀಗೆ ಮಾಡಿ. ಮೊದಲ ಎರಡು ದಿನ ಲೇಹ್ ಬಿಟ್ಟು ಎಲ್ಲೂ ಹೋಗಬೇಡಿ, ಮೊದಲ ದಿನವಂತೂ ಶಾಂತಿಸ್ತೂಪದ ಮೆಟ್ಟಿಲೂ ಬೇಡ. ಮೂರನೇ ದಿನ ಕಾರಲ್ಲಿ ಆಲ್ಚಿ ಕಡೆ ಹೋಗಿ ಬನ್ನಿ, ಅದು ಲೇಹ್‌ಗಿಂತ ತಗ್ಗು. ನಾಲ್ಕನೇ ದಿನ ಖರ್ದುಂಗ್ ಲಾ. ಮೇಲೆ ಕಾಲು ಗಂಟೆಗಿಂತ ಹೆಚ್ಚು ನಿಲ್ಲಬೇಡಿ, ಫೋಟೋಗೆ ಅಂತ ಮಗನನ್ನು ಓಡಲು ಬಿಡಬೇಡಿ. ಹುಂಡರ್ 3,100 ಇರಬಹುದು, ಅಲ್ಲಿ ಎರಡು ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ. ಆರನೇ ದಿನ ಶ್ಯೋಕ್ ದಾರಿಯಲ್ಲಿ ಬಂದು ಟಾಂಗ್ಸೆಯಲ್ಲಿ ಮಲಗಿ, ಸುಮಾರು 3,900. ಲೇಹ್‌ನ 3,500ರಲ್ಲಿ ಮೂರು ರಾತ್ರಿ ಕಳೆದಿರುವುದರಿಂದ ಇಷ್ಟು ತಡೆಯುತ್ತದೆ. ಏಳನೇ ದಿನ ಬೆಳಗ್ಗೆ ಪ್ಯಾಂಗಾಂಗ್ ನೋಡಿಕೊಂಡು ಅವತ್ತೇ ಲೇಹ್. ಕೆರೆ ದಂಡೆಯ ಟೆಂಟ್ ಅಮ್ಮನವರಿಗೆ ಬೇಡವೇ ಬೇಡ.

ಬಹಳ ಜನ ಯೋಚಿಸದ ಅಪಾಯ ಒಂದಿದೆ. ಎತ್ತರದ ಕಾಯಿಲೆಗೆ ಮದ್ದು ಕೆಳಗಿಳಿಯುವುದು. ಆದರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಬರಬೇಕಾದರೆ ಮೊದಲು 5,300 ಮೀಟರ್ ಮೀರಿದ ಚಾಂಗ್ ಲಾ ಹತ್ತಬೇಕು. ರೋಗಿಯನ್ನು ಆಕ್ಸಿಜನ್ ಇಲ್ಲದೆ ಆ ದಾರಿಯಲ್ಲಿ ಕರೆದೊಯ್ದರೆ ಇಳಿಸುವ ಬದಲು ಸಾವಿರ ಮೀಟರ್ ಏರಿಸಿದ ಹಾಗೆ. ಟಾಂಗ್ಸೆಯಲ್ಲಿ ಆರೋಗ್ಯ ಕೇಂದ್ರ ಇದೆ, ಮೊದಲು ಅಲ್ಲಿಗೆ. ಶ್ಯೋಕ್ ರಸ್ತೆ ತೆರೆದಿದ್ದರೆ ತಗ್ಗಿನ ದಿಸ್ಕಿತ್ ಆಸ್ಪತ್ರೆಯ ಕಡೆಗೂ ಇಳಿಯಬಹುದು. ಹೊರಡುವ ಬೆಳಗ್ಗೆ ರಸ್ತೆ ಹೇಗಿದೆ ಅಂತ ಡ್ರೈವರ್‌ನ ಕೇಳಿಕೊಳ್ಳಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ, ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ.

ಇನ್ನೂ ಸಮಯ ಇದ್ದರೆ ಶ್ರೀನಗರದಿಂದ (1,585 ಮೀ.) ರಸ್ತೆಯಲ್ಲಿ ಹೋಗಿ. ಸೋನಾಮಾರ್ಗ್, ಕಾರ್ಗಿಲ್ ಎರಡೂ 2,700ರ ಆಸುಪಾಸು, ಮಲಗುತ್ತಾ ಹೋದರೆ ಲೇಹ್ ತಲುಪುವಷ್ಟರಲ್ಲಿ ಅರ್ಧ ಒಗ್ಗಿರುತ್ತೀರಿ. ಮನಾಲಿ ದಾರಿ ಹಾಗಲ್ಲ, ಸರ್ಚುವಿನಲ್ಲಿ 4,200 ಮೀರಿದ ಕಡೆ ಮಲಗಿಸುತ್ತಾರೆ.

ಬಯೋಮೆಡಿಕಲ್_ಪೀಣ್ಯ

ಕ್ಯಾನ್‌ಗೆ ದುಡ್ಡು ಸುರಿಯಬೇಡಿ. 10 ಲೀಟರ್ ಅಂತ ಬರೆದಿರುವ ಕ್ಯಾನ್ ನಿಮಿಷಕ್ಕೆ 2 ಲೀಟರ್ ಲೆಕ್ಕದಲ್ಲಿ 5 ನಿಮಿಷಕ್ಕೆ ಖಾಲಿ. ಲೇಹ್‌ನಲ್ಲಿ ಬಾಡಿಗೆಗೆ ಸಿಗುವ ಮೆಡಿಕಲ್ ಸಿಲಿಂಡರ್ ತಗೊಳ್ಳಿ. ಬಿ ಟೈಪ್ ಅಂದರೆ 10 ಲೀಟರ್ ನೀರು ಹಿಡಿಯುವಷ್ಟು ದೊಡ್ಡದು, ಅನಿಲವನ್ನು ಅದರೊಳಗೆ ಒತ್ತಿ ತುಂಬಿರುತ್ತಾರೆ. ಗೇಜ್ 150 ಬಾರ್ ತೋರಿಸಿದರೆ ಒಳಗೆ 1,500 ಲೀಟರ್ ಅನಿಲ, 2 ಲೀಟರ್ ಹರಿವಿಗೆ 12 ಗಂಟೆ. ಅದೇ 50 ಬಾರ್ ಇದ್ದರೆ 4 ಗಂಟೆ ಮಾತ್ರ. ಗಾಡಿಗೆ ಹಾಕುವ ಮುಂಚೆ ನೀವೇ ನಿಂತು ನೋಡಿ: ವಾಲ್ವ್ ನಿಧಾನ ತೆರೆದು, ಮುಳ್ಳು ಎಲ್ಲಿ ನಿಂತಿತು ನೋಡಿಕೊಂಡು, ವಾಲ್ವ್ ಮುಚ್ಚಿ. ಐದು ನಿಮಿಷದಲ್ಲಿ ಮುಳ್ಳು ಇಳಿದರೆ ರೆಗ್ಯುಲೇಟರ್ ವಾಷರ್ ಸೋರುತ್ತಿದೆ, ಬದಲಿಸಿಕೊಳ್ಳಿ. ವಾಲ್ವ್ ತಿರುಗಿಸುವ ಕೀ, ನೇಸಲ್ ಪ್ರಾಂಗ್ (ಮೂಗಿಗೆ ಸಿಕ್ಕಿಸುವ ನಳಿಕೆ) ಎರಡು ಸೆಟ್ ಕೇಳಿ ಪಡೆಯಿರಿ. ಕೀ ಇಲ್ಲದೆ ತುಂಬಿದ ಸಿಲಿಂಡರೂ ಕಬ್ಬಿಣದ ತುಂಡು. ಗ್ರೀಸ್, ವ್ಯಾಸಲೀನ್ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ, ಬೆಂಕಿ ಹತ್ತುತ್ತದೆ.

ರಕ್ತದ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸುವ ಪಲ್ಸ್ ಆಕ್ಸಿಮೀಟರ್ ಒಂದು ಇರಲಿ, ಆದರೆ ಸರಿಯಾಗಿ ನೋಡಿ. ಐದು ನಿಮಿಷ ಕೂತು, ಕೈ ಬೆಚ್ಚಗೆ ಮಾಡಿಕೊಂಡು, ನೇಲ್ ಪಾಲಿಶ್ ತೆಗೆದು, ನಡುಬೆರಳಿಗೆ ಹಾಕಿ. ಕೈ ಎದೆಯ ಮಟ್ಟದಲ್ಲಿ ಅಲ್ಲಾಡದೆ ಇರಲಿ, ಅರ್ಧ ನಿಮಿಷ ಅಂಕಿ ಕುಣಿಯುವುದು ನಿಂತ ಮೇಲೆ ಬರೆದುಕೊಳ್ಳಿ. ತಣ್ಣನೆ ಬೆರಳಿಗೆ ಸಿಕ್ಕಿಸಿ 74 ಬಂತು ಅಂತ ಗಾಬರಿಯಾಗುವವರೇ ಜಾಸ್ತಿ. ಲೇಹ್‌ನ ಮೊದಲ ದಿನ ಆರೋಗ್ಯವಾಗಿರುವವರಿಗೂ 85ರಿಂದ 90 ಸಾಮಾನ್ಯ. ಒಂದೇ ಕೋಣೆಯಲ್ಲಿ ಮೂವರಿಗೆ 88 ಇದ್ದು ಒಬ್ಬರಿಗೆ ಮಾತ್ರ 78 ಅಂದರೆ ಆ ಒಬ್ಬರ ಮೇಲೆ ಕಣ್ಣಿಡಿ.

ಅಂದಹಾಗೆ, ಸಿ.ವಿ. ರಾಮನ್ ನಗರದಲ್ಲಿರುವ ಡಿ.ಆರ್‌.ಡಿ.ಓ.ದ ಡೆಬೆಲ್ ಪ್ರಯೋಗಾಲಯ ಅತಿ ಎತ್ತರದ ಯೋಧರಿಗೆಂದು ಇದೇ ಅಂಕಿ ನೋಡಿ ಆಕ್ಸಿಜನ್ ಹರಿವನ್ನು ತಾನೇ ಏರಿಳಿಸುವ ಸಾಧನ ಮಾಡಿದೆ. 2021ರ ಕೋವಿಡ್ ಅಲೆಯಲ್ಲಿ ಅದೇ ಆಸ್ಪತ್ರೆಗಳಿಗೆ ಹೋಯಿತು.

ಬನಶಂಕರಿ_ಎರಡನೇ_ಹಂತ

ತುಂಬಾ ಥ್ಯಾಂಕ್ಸ್. ರಜೆ ಎಂಟು ದಿನಕ್ಕೆ ಮಾಡಿಸಿಕೊಳ್ಳುತ್ತೇನೆ. ಇನ್ನೆರಡು ಪ್ರಶ್ನೆ: ಕರ್ಪೂರದ್ದು ಉಳಿದುಹೋಯಿತು. ಮತ್ತೆ, ಬರೀ ಸುಸ್ತಿನ ತಲೆನೋವಾ ಅಥವಾ ಕಾಯಿಲೆನಾ ಅಂತ ರಾತ್ರಿ ಹೊತ್ತು ನಾವೇ ಹೇಗೆ ತೀರ್ಮಾನ ಮಾಡೋದು?

ಜಯನಗರ_ಫಿಸಿಶಿಯನ್

ಕರ್ಪೂರ ಮೂಸಿದರೆ ಮೂಗಿನೊಳಗೆ ತಂಪಾಗಿ ಗಾಳಿ ಜಾಸ್ತಿ ಬಂದ ಹಾಗೆ ಅನಿಸುತ್ತದೆ, ರಕ್ತದ ಆಮ್ಲಜನಕ ಒಂದಂಕಿಯೂ ಏರುವುದಿಲ್ಲ. ಅಮ್ಮನವರ ಸಮಾಧಾನಕ್ಕೆ ಇರಲಿ, ಮಗುವಿನ ಕೈಗೆ ಸಿಗದಂತೆ ಇಡಿ, ನುಂಗಿದರೆ ಫಿಟ್ಸ್ ಬರುತ್ತದೆ.

ಎತ್ತರಕ್ಕೆ ಹೋದ ಮೇಲೆ ತಲೆನೋವು ಬಂದು, ಜೊತೆಗೆ ವಾಕರಿಕೆ, ವಿಪರೀತ ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಾದರೂ ಇದ್ದರೆ ಅದನ್ನು ಎತ್ತರದ ಕಾಯಿಲೆ ಅಂತಲೇ ಹಿಡಿಯಿರಿ. ಅವತ್ತು ಮೇಲೆ ಹೋಗುವಂತಿಲ್ಲ. ಪ್ಯಾರಸಿಟಮಾಲ್ ಕೊಟ್ಟು, ನೀರು ಕುಡಿಸಿ, ಅಲ್ಲೇ ಉಳಿಯಿರಿ. ಒಂದು ದಿನದಲ್ಲಿ ಇಳಿಯದಿದ್ದರೆ ಅಥವಾ ಹೆಚ್ಚಾದರೆ ಕೆಳಗೆ. ಫಿಲ್ಟರ್ ಕಾಫಿ ದಿನಾ ಕುಡಿಯುವವರು ಅಲ್ಲಿ ಹೋಗಿ ನಿಲ್ಲಿಸಬೇಡಿ, ಕಾಫಿ ಬಿಟ್ಟ ತಲೆನೋವೂ ಇದೇ ಥರ ಇರುತ್ತದೆ. ಮದ್ಯ, ನಿದ್ದೆ ಮಾತ್ರೆ ಬೇಡ, ಎರಡೂ ಉಸಿರಾಟ ತಗ್ಗಿಸುತ್ತವೆ. ನಿದ್ದೆಯಲ್ಲಿ ಉಸಿರು ಕೆಲವು ಕ್ಷಣ ನಿಂತು ಮತ್ತೆ ಜೋರಾಗುವುದು ಅಲ್ಲಿ ಮಾಮೂಲಿ, ಅದಕ್ಕೆ ಹೆದರಬೇಡಿ.

ಬೆಳಗಾಗುವವರೆಗೂ ಕಾಯಬಾರದ ಲಕ್ಷಣ ಎರಡು. ಒಂದು, ಸುಮ್ಮನೆ ಕೂತಾಗಲೂ ಏದುಸಿರು, ಒಣಕೆಮ್ಮು, ಮಲಗಿದರೆ ಜಾಸ್ತಿ: ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ. ಇದು ಸಾಮಾನ್ಯವಾಗಿ ಹೋದ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಬರುತ್ತದೆ. ರೋಗಿಯನ್ನು ಒರಗಿಸಿ ಕೂರಿಸಿ, ಬೆಚ್ಚಗಿಟ್ಟು, ಆಕ್ಸಿಜನ್ ಹಾಕಿ, ನಡೆಸದೆ ಗಾಡಿಯಲ್ಲೇ ಇಳಿಸಿ. ಎರಡು, ಮಾತು ತೊದಲುವುದು, ಗೊಂದಲ, ತೂರಾಡುವುದು. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಯಲು ಹೇಳಿ. ಗೆರೆ ತಪ್ಪಿದರೆ ಮೆದುಳು ಊದಿದೆ ಅಂತ ತಿಳಿದು ಡೆಕ್ಸಾಮೆಥಾಸೋನ್ 8 ಮಿ.ಗ್ರಾಂ ಕೊಟ್ಟು, ಆಮೇಲೆ 6 ಗಂಟೆಗೊಮ್ಮೆ 4 ಮಿ.ಗ್ರಾಂ ಕೊಡುತ್ತಾ ಇಳಿಸಬೇಕು. ಇದು ದೊಡ್ಡವರ ಡೋಸ್. ಆ ಮಾತ್ರೆಯನ್ನು ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡು ಬೇರೆ ಕವರ್‌ನಲ್ಲಿ ಇಡಿ, ಮೇಲೆ ಡೋಸ್ ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ. ಲೇಹ್‌ನಲ್ಲಿದ್ದರೆ ಸೋನಮ್ ನೊರ್ಬು ಸ್ಮಾರಕ ಆಸ್ಪತ್ರೆಗೆ ಹೋಗಿ.