ಫಿಲಿಪೈನ್ಸ್ ಕಾನೂನು, ನಮ್ಮನೆ ಹಲಸಿನ ಮರ

ಭಾನುವಾರ ನಮ್ಮ ‘ಹಳೆಮನೆ ಬಳಗ’ ಗುಂಪಿನಲ್ಲಿ ನಡೆದದ್ದು ಇದು. ಹೆಸರುಗಳು ಬೇಡ ಅಂತ ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಹಾಕಿದ್ದೇನೆ. ಕೈಮುಗಿಯುವ ಇಮೋಜಿ, ಶುಭೋದಯದ ದಾಸವಾಳ ಎಲ್ಲ ತೆಗೆದಿದ್ದೇನೆ, ಇಲ್ಲದಿದ್ದರೆ ಮುಗಿಯುವುದೇ ಇಲ್ಲ.

ಮೈಸೂರು ಭಾವ (ಫಾರ್ವರ್ಡ್): ಫಿಲಿಪೈನ್ಸ್‌ನಲ್ಲಿ 10 ಗಿಡ ನೆಟ್ಟರೆ ಮಾತ್ರ ಡಿಗ್ರಿ!! ವರ್ಷಕ್ಕೆ 17.5 ಕೋಟಿ ಮರ!! ನಮ್ಮ ದೇಶದಲ್ಲಿ ಯಾವಾಗ?? ಕನಿಷ್ಠ 10 ಜನರಿಗೆ ಕಳಿಸಿ.

ದೊಡ್ಡಪ್ಪ: ಬಹಳ ಒಳ್ಳೆಯ ವಿಚಾರ. ಈಗಿನ ಮಕ್ಕಳಿಗೆ ಮೊಬೈಲ್ ಬಿಟ್ಟರೆ ಬೇರೆ ಪ್ರಪಂಚ ಇಲ್ಲ. ಮಾವಿನ ಎಲೆ ಯಾವುದು, ಗೇರಿನ ಎಲೆ ಯಾವುದು ಅಂತಲೂ ಗೊತ್ತಿಲ್ಲ. ಶಾಲೆಯಲ್ಲಿ ಕಟ್ಟುನಿಟ್ಟಾಗಿ ಕಲಿಸಬೇಕು.

ತಂಗಿ: ಭಾವ, ಇದು ಕಾನೂನೇ ಆಗಿಲ್ಲ. 2019ರ ಮೇ ತಿಂಗಳಲ್ಲಿ ಅಲ್ಲಿನ ಕೆಳಮನೆಯಲ್ಲಿ ಮಸೂದೆ ಪಾಸಾಯಿತು, ಸೆನೆಟ್‌ನಲ್ಲಿ ಆಗಲಿಲ್ಲ, ಅಲ್ಲಿಗೇ ಬಿತ್ತು. 17.5 ಕೋಟಿ ಅನ್ನುವುದು ಮಸೂದೆಯವರು ಹಾಕಿದ ಲೆಕ್ಕ, 1.75 ಕೋಟಿ ಮಕ್ಕಳು ತಲಾ 10 ಅಂತ. ಯಾರೂ ನೆಟ್ಟ ಮರ ಅಲ್ಲ. ಹೋದ ವರ್ಷವೂ ನೀವು ಇದನ್ನೇ ಹಾಕಿದ್ದಿರಿ, ಆಗಲೂ ಹೇಳಿದ್ದೆ.

ಮೈಸೂರು ಭಾವ: ಹೋದ ವರ್ಷ ಹಾಕಿದ್ದು ನಾನಲ್ಲ, ನಿನ್ನ ಚಿಕ್ಕಪ್ಪ.

ಚಿಕ್ಕಪ್ಪ: ನಾನು ಹಾಕಿದ್ದು ಅರಿಶಿನದ್ದು.

ಇಲ್ಲಿಂದ ಮುಂದೆ ಸುಮಾರು ಹೊತ್ತು ಯಾರು ಯಾವಾಗ ಏನು ಹಾಕಿದ್ದರು ಅಂತ ಸ್ಕ್ರೀನ್‌ಶಾಟ್‌ಗಳು. ಬಿಟ್ಟಿದ್ದೇನೆ. ಅರಿಶಿನದ್ದು ಹಾಕಿದ್ದು ಭಾವನೇ ಅಂತ ಕೊನೆಗೆ ತೀರ್ಮಾನವಾಯಿತು.

ದೊಡ್ಡಪ್ಪ: ಪುಟ್ಟಿ, ಎಲ್ಲದಕ್ಕೂ ಆಧಾರ ಕೇಳುವುದು ನಿನಗೊಂದು ಚಟ ಆಗಿದೆ. ಸುಳ್ಳೇ ಇರಲಿ, ಒಳ್ಳೆಯದನ್ನೇ ಹೇಳುತ್ತದೆ ಅಲ್ವಾ?

ತಂಗಿ: ದೊಡ್ಡಪ್ಪ, ಹತ್ತು ವರ್ಷ ದಾಟಿದ ಪ್ರತಿಯೊಬ್ಬರೂ ತಿಂಗಳಿಗೊಂದು ಗಿಡ ನೆಡಬೇಕು, ಐದು ವರ್ಷ ಬಿಡದೆ, ಅಂತ ಅದೇ ದೇಶದಲ್ಲಿ ಆಗಿನ ಅಧ್ಯಕ್ಷ ಮಾರ್ಕೋಸ್ 1977ರಲ್ಲೇ ಆಜ್ಞೆ ಮಾಡಿದ್ದ. ಅವನು ಅಧಿಕಾರದಿಂದ ಇಳಿದ ಮೇಲೆ ಅದನ್ನೂ ರದ್ದು ಮಾಡಿದರು. ನಮ್ಮಲ್ಲಿ ಯಾವಾಗ ಅಂತ ಭಾವ ಕೇಳಿದ್ದಾರಲ್ಲ, ಪರಿಸರ ಪಾಠ ಶಾಲೆಗಳಲ್ಲಿ ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟ್, ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಿನಲ್ಲಿ 1991ರಲ್ಲೇ ಹೇಳಿ ಆಗಿದೆ. ಶಾಲೆಗಳಲ್ಲಿ ಇಕೋ ಕ್ಲಬ್, ಅಂದರೆ ಮಕ್ಕಳ ಪರಿಸರ ಸಂಘ, ಬಂದು ಇಪ್ಪತ್ತು ವರ್ಷದ ಮೇಲಾಯಿತು.

ದೊಡ್ಡಪ್ಪ: ದೊಡ್ಡವರಿಗೆ ಉತ್ತರ ಕೊಡುವುದನ್ನು ಮಾತ್ರ ಚೆನ್ನಾಗಿ ಕಲಿಸಿದ್ದಾರೆ.

ಹುಬ್ಬಳ್ಳಿ ಅಣ್ಣ: ವನಮಹೋತ್ಸವ ಅಂದರೆ ನಮ್ಮ ಕಾಲದ್ದು ಬಿಡಿ. ಧೋ ಅಂತ ಮಳೆ, ಕಂಬಳಿ ಕೊಪ್ಪೆ ಹಾಕಿಕೊಂಡು ಸಾಲಾಗಿ ಹೋಗಿ ಗುಂಡಿ ತೋಡುವುದು, ಮುಗಿದ ಮೇಲೆ ಹೆಡ್‌ಮಾಸ್ತರು ಒಬ್ಬೊಬ್ಬರಿಗೆ ಒಂದೊಂದು ಪೆಪ್ಪರ್‌ಮಿಂಟು ಕೊಡುವುದು, ನಾನು ಎರಡು ಸಲ ಸಾಲಿನಲ್ಲಿ ನಿಂತು ಸಿಕ್ಕಿಬಿದ್ದದ್ದು! ನೇರಳೆ, ಕೌಳಿ, ಸಂಪಿಗೆ ಹಣ್ಣು ಏನೆಲ್ಲ ತಿಂದಿದ್ದೇವೆ. ಆದರೂ ಮನೆ ಹಿಂದಿನ ಬಕ್ಕೆ ಹಲಸಿನ ರುಚಿ ಎಲ್ಲೂ ಸಿಗಲಿಲ್ಲ ಮಾರಾಯ್ರೆ.

ಹಲಸಿನ ಹೆಸರು ಎತ್ತಬಾರದಿತ್ತು. ಈ ಅಣ್ಣನಿಗೆ ಅಷ್ಟೂ ತಿಳಿಯುವುದಿಲ್ಲ.

ದೊಡ್ಡಪ್ಪ: ಆ ಮರ ಎಲ್ಲಿ ಹೋಯಿತು ಅಂತ ಕಡಿಸಿದವರನ್ನು ಕೇಳು.

ಚಿಕ್ಕಪ್ಪ: ಕೊಂಬೆ ಬಿದ್ದು ಕೊಟ್ಟಿಗೆ ಹೆಂಚು ಪುಡಿಯಾದಾಗ ಯಾರೂ ಊರ ಕಡೆ ತಲೆ ಹಾಕಲಿಲ್ಲ. ದಿಮ್ಮಿ ಮಾರಿದ ದುಡ್ಡಿನಲ್ಲಿ ಮೂರು ಪಾಲು ಮಾಡಿದ್ದೇನೆ, ಚೀಟಿ ಇದೆ.

ದೊಡ್ಡಪ್ಪ: ಮುಂಬಾಗಿಲು ಮಾಡಿಸಿದ ಹಲಗೆ ಆ ಚೀಟಿಯಲ್ಲಿ ಇದೆಯೋ?

ಮೈಸೂರು ಭಾವ: ನಾನು ಹಾಕಿದ್ದು ಪರಿಸರದ ಮೆಸೇಜು.

ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಮೇಲೆ ಸಾಗರದ ಅತ್ತೆ ಬಂದರು. ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರು. ಇಡೀ ಗುಂಪಿನಲ್ಲಿ ಮಕ್ಕಳ ಕೈಯಲ್ಲಿ ಗಿಡ ನೆಡಿಸಿದವರು ಅವರೊಬ್ಬರೇ, ಹಾಗಾಗಿ ಅವರ ಮೆಸೇಜು ಪೂರ್ತಿ ಹಾಕುತ್ತೇನೆ.

ಸಾಗರದ ಅತ್ತೆ: ಪಾತ್ರೆ ತೊಳೆದು ಬಂದು ಎಲ್ಲ ಓದಿದೆ. ನಮ್ಮಲ್ಲಿ ಪ್ರತಿ ಜೂನ್ 5ಕ್ಕೂ ನೆಡುತ್ತೇವೆ, ಜುಲೈ ವನಮಹೋತ್ಸವಕ್ಕೂ ನೆಡುತ್ತೇವೆ. ಒಂದು ಹೊಂಗೆ ಗಿಡ ಮಾತ್ರ ಎಷ್ಟು ನೋಡಿಕೊಂಡರೂ ಸೊರಗುತ್ತಿತ್ತು. ಮಕ್ಕಳು ಅಗೆದು ನೋಡಿದರೆ ಬುಡದಲ್ಲಿ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇದೆ, ಬೇರು ಒಳಗೊಳಗೇ ಸುತ್ತಿಕೊಂಡು ಸಿಂಬೆಯಾಗಿದೆ. ಅದನ್ನು ನೆಟ್ಟವರು ಮಕ್ಕಳಲ್ಲ, ಫೋಟೋಗೆ ಬಂದ ಅತಿಥಿಗಳು. ಉಳಿದ ಗಿಡಗಳದ್ದು ಬೇರೆ ಕಥೆ. ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬೀಳುತ್ತದೆ, ಗಿಡಕ್ಕೆ ನೀರು ಬೇಕಾಗುವುದೂ ಆಗಲೇ. ಜೂನ್‌ನಲ್ಲಿ ಅದೇ ಗುಂಡಿಗೆ ಹೊಸ ಗಿಡ. ಅಣ್ಣ, ಡಿಗ್ರಿ ತಡೆಯುತ್ತೇವೆ ಅಂದರೆ ಮಕ್ಕಳು ಗಿಡ ನೆಡುವುದನ್ನು ಕಲಿಯುವುದಿಲ್ಲ, ಸರ್ಟಿಫಿಕೇಟ್ ತರುವುದನ್ನು ಕಲಿಯುತ್ತಾರೆ. ಅಂಕ ಕೊಡುವುದೇ ಆದರೆ ಎರಡು ಬೇಸಿಗೆ ದಾಟಿದ ಗಿಡಕ್ಕೆ ಕೊಡಲಿ. ಪರಿಸರ ಉಳಿಸಲು ನಾಲ್ಕು ಉಪಾಯ ಬರೆಯಿರಿ ಅಂದರೆ ಎಲ್ಲರಿಗೂ ನಾಲ್ಕಕ್ಕೆ ನಾಲ್ಕು, ಬರೆದು ಹೊರಗೆ ಬಂದವರು ಚಿಪ್ಸ್ ಚೀಲ ಗೇಟಿನ ಹತ್ತಿರವೇ ಬಿಸಾಕುತ್ತಾರೆ. ಆದರೆ ನರ್ಸರಿಯವರೊಬ್ಬರು ಬಂದು ಒಂಬತ್ತನೇ ಕ್ಲಾಸಿಗೆ ಮಾವಿನ ಕಸಿ ಕಟ್ಟುವುದು ಹೇಳಿಕೊಟ್ಟರಲ್ಲ, ಆವತ್ತು ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ಬಿಸಿಯೂಟದ ಸಿಪ್ಪೆಯಿಂದ ಗೊಬ್ಬರ ಮಾಡುವ ಗುಂಡಿಯನ್ನೂ ಆ ಮಕ್ಕಳೇ ನೋಡಿಕೊಳ್ಳುತ್ತಾರೆ. ಈಗ ಒಂದು ಡ್ರಮ್, ಸ್ವಲ್ಪ ಡ್ರಿಪ್ ಪೈಪ್ ಬೇಕು. ರಜೆಯಲ್ಲಿ ಶಾಲೆ ಪಕ್ಕದ ಮನೆಯವರು ವಾರಕ್ಕೆರಡು ಸಲ ಡ್ರಮ್ ತುಂಬಿಸಲು ಒಪ್ಪಿದ್ದಾರೆ. ಯಾರಾದರೂ ಕೊಡುತ್ತೀರಾ?

ಚಪ್ಪಾಳೆ ಬಂತು, ಹಸಿರು ಹೃದಯ ಬಂತು. ಭಾವ ‘ಸೂಪರ್ ಅತ್ತೆ, ಬೇರೆ ಗುಂಪಿಗೂ ಕಳಿಸಲೇ’ ಅಂದರು. ತಂಗಿ ಡ್ರಮ್ಮಿನ ದುಡ್ಡು ಗೂಗಲ್ ಪೇ ಮಾಡುತ್ತೇನೆ ಅಂದಳು. ಹುಬ್ಬಳ್ಳಿ ಅಣ್ಣ ಕಸಿ ಕಟ್ಟುವುದರಲ್ಲಿ ಅಜ್ಜನ ಕೈ ಎಷ್ಟು ಚೆನ್ನಾಗಿತ್ತು ಅಂತ ಶುರು ಮಾಡಿ ಮೂರು ವಾಯ್ಸ್ ಮೆಸೇಜ್ ಹಾಕಿದ. ನಾನಿನ್ನೂ ಕೇಳಿಲ್ಲ.

ಚಿಕ್ಕಪ್ಪ: ಅಕ್ಕ, ನಮ್ಮ ಅಟ್ಟದ ಮೇಲೆ ಹಳೇ ಡ್ರಿಪ್ ಪೈಪ್ ಎರಡು ಸುತ್ತು ಸುಮ್ನೆ ಬಿದ್ದಿದೆ. ಬುಧವಾರ ಬಸ್ಸಿಗೆ ಹಾಕುತ್ತೇನೆ.

ದೊಡ್ಡಪ್ಪ: ಅದು ಪಾಲಾಗುವ ಮೊದಲು ತೋಟದ ದುಡ್ಡಿನಲ್ಲಿ ತಂದ ಪೈಪ್ ಅಲ್ಲವೇ?